ಆರಕ್ಷಕನ ಮನೆಯ ಲೆಕ್ಕ

ಜಾತ್ರೆಯಲ್ಲಿ ತೇರು ಸಾಗುವಾಗ ಜನಸಾಗರವನ್ನು ಹದದಲ್ಲಿಡುವ ಪೊಲೀಸ್ ಪೇದೆಯನ್ನು ನಾವೆಲ್ಲರೂ ಕಂಡಿದ್ದೇವೆ. ನಮಗೆ ಹಬ್ಬವಾದ ದಿನವೇ ಆತನಿಗೆ ಹೆಚ್ಚಿನ ದುಡಿಮೆಯ ದಿನ. ಊರಿನ ಶಾಂತಿಯನ್ನು ಕಾಯುವ ಈ ಮನುಷ್ಯನ ಮನಃಶಾಂತಿಯನ್ನು ಕದಡುವುದು ಯಾವುದೆಂದು ವಿಚಾರಿಸಿದರೆ, ಅನೇಕ ವೇಳೆ ದೊರೆಯುವ ಉತ್ತರ ಒಂದೇ: ಸಾಲ.

ಪೊಲೀಸ್ ಠಾಣೆಗಳ ಸಿಬ್ಬಂದಿಯಲ್ಲಿ ಪ್ರತಿಶತ ಸುಮಾರು 90 ಮಂದಿ ದಿನಕ್ಕೆ 8 ಗಂಟೆಗಳಿಗಿಂತ ಹೆಚ್ಚು ಕಾಲ ದುಡಿಯುತ್ತಾರೆಂದು 2014ರ ರಾಷ್ಟ್ರಮಟ್ಟದ ಅಧ್ಯಯನವೊಂದು ತಿಳಿಸಿತು. 2019ರಲ್ಲಿ ಪ್ರಕಟವಾದ ಮತ್ತೊಂದು ವರದಿಯು ಅವರ ದುಡಿಮೆ ಸರಾಸರಿ 14 ಗಂಟೆಗಳೆಂದು ಹೇಳಿತು. ಇಷ್ಟು ಹೊತ್ತು ಹೊರಗಿರುವವನ ಊಟ ಹೋಟೆಲಿನಲ್ಲಿ. ವರ್ಗವಾದರೆ ಆತನಿಗೊಂದು ಬಾಡಿಗೆ ಕೋಣೆ, ಮಕ್ಕಳ ಓದಿಗಾಗಿ ಇನ್ನೊಂದು ಮನೆ. ಊರಿನಲ್ಲಿ ಹೊಲವಿದ್ದರೂ ಅದನ್ನು ನೋಡಿಕೊಳ್ಳಲು ಬಿಡುವಿಲ್ಲ.

2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವಂತೆ ನಮ್ಮ ರಾಜ್ಯದ ಕೆಳಹಂತದ ಪೊಲೀಸರಿಗೆ ಕರೆ ಹೋದುದನ್ನು ಓದುಗರು ಮರೆತಿರಲಾರರು. ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನು 1966ರ ಕಾಯಿದೆ ನಿರ್ಬಂಧಿಸಿರುವುದರಿಂದ, ಸಂಕಟವನ್ನು ಕೂಡಿ ಹೇಳುವ ದಾರಿಯೂ ಅವರಿಗೆ ಕಿರಿದು. ಅನಂತರ ಔರಾದ್ಕರ್ ಸಮಿತಿಯು ಶಿಫಾರಸು ಮಾಡಿ, 2019ರ ಆಗಸ್ಟ್‌ನಿಂದ ಪೇದೆಯ ಮೂಲ ವೇತನ 23,500 ರೂಪಾಯಿಗಳಿಂದ ಆರಂಭವಾಯಿತು. ಹಿರಿಯರಿಗೆ ಅದರ ಫಲ ಸರಿಯಾಗಿ ದೊರೆಯಲಿಲ್ಲವೆಂಬ ಅಸಮಾಧಾನ ಉಳಿಯಿತು. 2024ರ ಆಗಸ್ಟ್‌ನಿಂದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ ಎಲ್ಲ ಸರ್ಕಾರಿ ನೌಕರರ ವೇತನವೂ ಏರಿತು.

ವೇತನ ಏರಿದರೂ ಸಾಲವೇಕೆ ಇಳಿಯದು? ಮಗಳ ಮದುವೆಗೆಂದು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 2 ಲಕ್ಷ ಕೈಸಾಲ ಮಾಡಿದವನು ತಿಂಗಳಿಗೆ 6,000 ರೂಪಾಯಿ ತೆರಬೇಕು. ವರ್ಷಕ್ಕೆ ಅದು 72,000. ಮೂರು ವರ್ಷಗಳಲ್ಲಿ ಪಡೆದ ಹಣಕ್ಕಿಂತ ಹೆಚ್ಚು ಬಡ್ಡಿ ತೆತ್ತರೂ ಅಸಲು ಕದಲದು. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯಿದೆ ನಮ್ಮಲ್ಲಿ 2004ರಿಂದಲೇ ಇದೆ. ಅದರ ದೂರನ್ನು ಬರೆದುಕೊಳ್ಳುವ ಕೈಯೇ ಅಂಥ ಸಾಲಪತ್ರಕ್ಕೆ ರುಜು ಹಾಕಿರುವುದು ಎಂಥ ವಿಪರ್ಯಾಸ!

ಆದರೆ ಆತ ಯಾರಲ್ಲಿ ಹೇಳಿಯಾನು? ನೌಕರನು ಸಾಲದಲ್ಲಿ ಮುಳುಗಬಾರದೆಂದು ನಡತೆಯ ನಿಯಮಗಳೇ ವಿಧಿಸುತ್ತವೆ. ಮೇಲಧಿಕಾರಿಗೆ ಹೇಳಲು ಭಯ, ನೆಂಟರಿಗೆ ಹೇಳಲು ನಾಚಿಕೆ. ಸಮವಸ್ತ್ರದ ಗೌರವವು ಮಡದಿಯ ಮುಂದೆಯೂ ಬಾಯಿ ಕಟ್ಟುತ್ತದೆ. ಮುಚ್ಚಿಟ್ಟ ಸಾಲ ನಿದ್ರೆಯನ್ನು ಕೆಡಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ, ಮನೆಯವರ ಮೇಲೆ ಸಿಡುಕಾಗಿ ಹೊರಬೀಳುತ್ತದೆ. ಕೆಲವರನ್ನು ಮದ್ಯದ ಕಡೆಗೂ ಕೆಲವರನ್ನು ಲಂಚದ ಕಡೆಗೂ ನೂಕುತ್ತದೆ. ಲಂಚಕ್ಕೆ ಸಾಲವು ಸಮರ್ಥನೆಯಾಗದು. ಆದರೆ ಸಾಲಗಾರನಾದ ಕಾವಲುಗಾರನಿಂದ ಊರಿಗೂ ಕೇಡೆಂಬುದನ್ನು ನಾವು ಮರೆಯಬಾರದು.

ಪರಿಹಾರದ ಮೊದಲ ಹೆಜ್ಜೆ ಮನೆಯಲ್ಲಿಯೇ ಇದೆ. ಸಂಬಳ ಬಂದ ದಿನ ಪತಿಪತ್ನಿಯರು ಒಟ್ಟಿಗೆ ಕುಳಿತು, ಯಾರಿಗೆ ಎಷ್ಟು, ಯಾವ ಬಡ್ಡಿಗೆ ಎಂಬುದನ್ನು ಪುಸ್ತಕದಲ್ಲಿ ಬರೆಯಲಿ. ಸಂಬಳದ ಆಧಾರದ ಮೇಲೆ ಬ್ಯಾಂಕಿನಿಂದಲೋ ನೌಕರರ ಪತ್ತಿನ ಸಹಕಾರ ಸಂಘದಿಂದಲೋ ಕಡಿಮೆ ಬಡ್ಡಿಗೆ ಹಣ ದೊರೆತರೆ, ಮೊದಲು ಕೈಸಾಲವನ್ನು ತೀರಿಸಲಿ. ಆಸ್ಪತ್ರೆಗೆಂದು ಸಾಲ ಮಾಡುವ ಮುನ್ನ, ಸರ್ಕಾರದ ಯೋಜನೆಯಡಿ ನಗದುರಹಿತ ಚಿಕಿತ್ಸೆ ದೊರೆಯುವುದೇ ಎಂದು ವಿಚಾರಿಸಲಿ. ಮನಸ್ಸು ಕುಗ್ಗಿ ಬದುಕೇ ಬೇಡವೆನಿಸಿದಾಗ ತಡಮಾಡದೆ 14416ಕ್ಕೆ ದೂರವಾಣಿ ಮಾಡಲಿ. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತವಾದುದು, ಕನ್ನಡದಲ್ಲಿಯೂ ಲಭ್ಯ.

ಸಮಾಜದ ಪಾಲೂ ಇದೆ. ಸರ್ಕಾರಿ ನೌಕರಿಯ ಮನೆಯೆಂದ ಮಾತ್ರಕ್ಕೆ ಅವರ ಮದುವೆ ಅದ್ದೂರಿಯಾಗಬೇಕೆಂದು ನಿರೀಕ್ಷಿಸುವವರು ನಾವೇ. ಸಂಬಳದ ಚೀಟಿಯನ್ನು ಕಂಡು ಜಾಮೀನು ಹಾಕೆಂದು ದುಂಬಾಲು ಬೀಳುವವರೂ ನಾವೇ. ಇವೆರಡನ್ನೂ ಬಿಡೋಣ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಪೇದೆಗೆ ಬೋಧಿಸುವ ಮೊದಲು, ಆತನ ಹಾಸಿಗೆಯನ್ನು ನಾವು ಎಳೆಯದಿರೋಣ. ಪ್ರತಿ ವರ್ಷ ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಮಾರುವ ಧ್ವಜಗಳ ಹಣ ಅವರ ಕಲ್ಯಾಣಕ್ಕೆ ಸಲ್ಲುತ್ತದೆ, ಒಂದನ್ನು ಕೊಳ್ಳೋಣ. ನೆರೆಯಲ್ಲಿ ಪೊಲೀಸ್ ಕುಟುಂಬವಿದ್ದರೆ ಹಬ್ಬದ ದಿನ ಆ ಮನೆಯ ತಾಯಿಮಕ್ಕಳನ್ನು ಊಟಕ್ಕೆ ಕರೆಯೋಣ. ಕಷ್ಟವನ್ನು ಹೇಳಿಕೊಳ್ಳಲು ಅವರಿಗೊಂದು ಮನೆ ಸಿಕ್ಕಂತಾಗುತ್ತದೆ.