ಜೀಪಿನ ಹೆಡ್‌ಲೈಟು ಬದಲಿಸುವ ಮುನ್ನ

ವಾಲ್‌ಡಾರ್ಫ್ ಎಂದೊಡನೆ ಹೆಚ್ಚಿನ ಕನ್ನಡಿಗರಿಗೆ ನೆನಪಾಗುವುದು ಎಸ್‌ಎಪಿ ಸಂಸ್ಥೆಯ ಕೇಂದ್ರ ಕಚೇರಿ. ವಾಹನ ಓಡಿಸುವವರಿಗೆ ಅದು ಎ5 ಮತ್ತು ಎ6 ಹೆದ್ದಾರಿಗಳು ಒಂದನ್ನೊಂದು ಹಾಯ್ದುಹೋಗುವ ದೊಡ್ಡ ಕೂಡುದಾರಿಯ ಹೆಸರೂ ಹೌದು. ಡಿಸೆಂಬರಿನಲ್ಲಿ ಇಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಸೂರ್ಯೋದಯ, ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯಾಸ್ತ. ಕಚೇರಿಗೆ ಹೋಗುವುದೂ ಕತ್ತಲೆಯಲ್ಲಿ, ಮನೆಗೆ ಮರಳುವುದೂ ಕತ್ತಲೆಯಲ್ಲಿ. ರೈನ್ ಬಯಲಿನ ಮಂಜು ಇದಕ್ಕೆ ಜೊತೆಗೂಡುತ್ತದೆ. ಮಲೆನಾಡಿನ ಜೀಪುಗಳ ನೆನಪಿನಿಂದಲೋ, ವಾರಾಂತ್ಯದ ಸಾಹಸದ ಆಸೆಯಿಂದಲೋ ಹಳೆಯ ಲ್ಯಾಂಡ್ ರೋವರ್ ಡಿಫೆಂಡರನ್ನೋ ಸುಜುಕಿ ಜಿಮ್ನಿಯನ್ನೋ ಕೊಂಡವರಿಗೆ ಮೊದಲ ಚಳಿಗಾಲದಲ್ಲೇ ಒಂದು ಕೊರತೆ ಕಾಣಿಸುತ್ತದೆ: ಹೆಡ್‌ಲೈಟಿನ ಬೆಳಕು ಸಾಲದು. ಆಗ ಬಲ್ಬು ಬದಲಿಸುವ ಯೋಚನೆ ಬರುವುದು ಸಹಜ.

ವೈದ್ಯನಾದ ನಾನು ಈ ವಿಷಯವನ್ನು ಕಣ್ಣಿನ ಕಡೆಯಿಂದ ನೋಡಬಯಸುತ್ತೇನೆ. ಬೆಳಕನ್ನು ಹೆಚ್ಚಿಸುವುದು ಮತ್ತು ಕಾಣುವಿಕೆಯನ್ನು ಹೆಚ್ಚಿಸುವುದು ಒಂದೇ ಅಲ್ಲ. ಬೆಳಕು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದೇ ಮುಖ್ಯ. ಇಷ್ಟನ್ನು ಅರಿತವರಿಗೆ ಜರ್ಮನಿಯ ಕಾನೂನು ಏಕೆ ಅಷ್ಟು ಬಿಗಿಯಾಗಿದೆ ಎಂಬುದೂ ತಿಳಿಯುತ್ತದೆ.

ಕತ್ತಲೆಯಲ್ಲಿ ಕಣ್ಣು

ಕಣ್ಣು ಕತ್ತಲೆಗೆ ಪೂರ್ತಿಯಾಗಿ ಒಗ್ಗಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಹೊಂದಾಣಿಕೆಯನ್ನು ಕೆಡಿಸಲು ಎದುರಿನಿಂದ ಬರುವ ಒಂದು ಪ್ರಖರ ದೀಪ ಸಾಕು. ತೀವ್ರ ಬೆಳಕು ಕಣ್ಣನ್ನು ಹೊಕ್ಕಾಗ ಅದರ ಒಂದು ಭಾಗ ಮಸೂರದಲ್ಲಿ ಚದುರಿ, ಅಕ್ಷಿಪಟದ ಮೇಲೆ ತೆಳುವಾದ ಬಿಳಿ ಪರದೆಯಂತೆ ಹರಡುತ್ತದೆ. ಆ ಪರದೆಯ ಹಿಂದೆ ಕಪ್ಪು ಕೋಟು ತೊಟ್ಟ ಪಾದಚಾರಿ ಅಡಗಿಹೋಗುತ್ತಾನೆ. ವಯಸ್ಸಾದಂತೆ ಮಸೂರ ಮಬ್ಬಾಗಿ ಈ ಚದುರುವಿಕೆ ಹೆಚ್ಚುತ್ತದೆ. ಪೊರೆ ಬರತೊಡಗಿದವರಲ್ಲಂತೂ ಇನ್ನೂ ಹೆಚ್ಚು. ಜೊತೆಗೆ ಕಣ್ಣಿನ ಪಾಪೆಯೂ ಕಿರಿದಾಗುವುದರಿಂದ, ಅರವತ್ತರ ಕಣ್ಣಿನ ಅಕ್ಷಿಪಟವನ್ನು ತಲುಪುವ ಬೆಳಕು ಇಪ್ಪತ್ತರ ಕಣ್ಣಿನದಕ್ಕೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಅಂದರೆ ವಯಸ್ಸಾದವರಿಗೆ ಬೆಳಕು ಹೆಚ್ಚು ಬೇಕು, ಆದರೆ ಎದುರು ಬೆಳಕನ್ನು ತಾಳುವ ಶಕ್ತಿ ಕಡಿಮೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಕಣ್ಣು ಕೋರೈಸಿದರೆ 44 ಮೀಟರ್ ಕುರುಡು ಪ್ರಯಾಣ. ನಮ್ಮ ಗಾಡಿಗೆ ನಾವು ಹಾಕುವ ಬಲ್ಬು ಎದುರಿನವನಿಗೆ ಕೊಡುವುದು ಈ 44 ಮೀಟರನ್ನೇ.

ಇನ್ನೊಂದು ಭ್ರಮೆಯೂ ಇದೆ. ಗಾಡಿಯ ಮುಂದಿನ ಹತ್ತು ಹದಿನೈದು ಮೀಟರ್ ನೆಲ ಹಾಲು ಚೆಲ್ಲಿದಂತೆ ಬೆಳಗಿದರೆ ಚಾಲಕನಿಗೆ ‘ಚೆನ್ನಾಗಿ ಕಾಣುತ್ತಿದೆ’ ಎನಿಸುತ್ತದೆ. ಆದರೆ ಕಣ್ಣು ಆ ಹತ್ತಿರದ ಪ್ರಕಾಶಕ್ಕೆ ಒಗ್ಗಿಕೊಳ್ಳುವುದರಿಂದ ದೂರದ ಮಸುಕಾದ ವಸ್ತುಗಳು ಮೊದಲಿಗಿಂತ ಕಡಿಮೆ ಕಾಣುತ್ತವೆ. ಅಪಾಯವಿರುವುದು ಆ ದೂರದಲ್ಲಿ. ಇಲ್ಲಿನ ಚಾಲನಾ ಶಾಲೆಗಳು ಕಲಿಸುವ ಲೆಕ್ಕದ ಪ್ರಕಾರ 80ರ ವೇಗದಲ್ಲಿ ನಿಲ್ಲಲು 24 ಮೀಟರ್ ಪ್ರತಿಕ್ರಿಯೆಗೆ, 64 ಮೀಟರ್ ಬ್ರೇಕಿಗೆ, ಒಟ್ಟು 88 ಮೀಟರ್ ಬೇಕು. ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೋಗಬೇಕೆಂಬುದು ಜರ್ಮನಿಯ ರಸ್ತೆ ಸಂಚಾರ ನಿಯಮವೂ ಹೌದು.

ಬಲ್ಬು ಮತ್ತು ಬುಟ್ಟಿ

ಡಿಫೆಂಡರ್ ಮೊದಲಾದ ಹಳೆಯ ಜೀಪುಗಳಲ್ಲಿರುವುದು ಏಳಿಂಚಿನ ದುಂಡು ದೀಪ. ಅದರೊಳಗೆ ಎಚ್4 ಹ್ಯಾಲೊಜೆನ್ ಬಲ್ಬು. ಈ ಬಲ್ಬಿನಲ್ಲಿ ಎರಡು ತಂತುಗಳಿವೆ: ಹೈಬೀಮಿಗೆ 60 ವ್ಯಾಟ್, ಲೋಬೀಮಿಗೆ 55 ವ್ಯಾಟ್. ಲೋಬೀಮ್ ತಂತುವಿನ ಅಡಿಯಲ್ಲಿ ಚಿಕ್ಕದೊಂದು ಲೋಹದ ಬಟ್ಟಲಿದೆ. ಅದು ಬೆಳಕು ಕೆಳಗೆ ಹೋಗದಂತೆ ತಡೆದು, ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ತಲುಪುವಂತೆ ಮಾಡುತ್ತದೆ. ಅಲ್ಲಿಂದ ಬೆಳಕು ರಸ್ತೆಯ ಕಡೆಗೆ ಬಾಗುತ್ತದೆ. ಎದುರಿನವರ ಕಣ್ಣಿನ ಎತ್ತರದಲ್ಲಿ ಬೆಳಕು ಕತ್ತರಿಸಿದಂತೆ ನಿಲ್ಲುವುದು ಹೀಗೆ.

ಈ ವ್ಯವಸ್ಥೆ ತಂತುವಿನ ಸ್ಥಾನ ಮಿಲಿಮೀಟರಿನಷ್ಟೂ ತಪ್ಪದೆ ಇರುವುದನ್ನು ಅವಲಂಬಿಸಿದೆ. ಹ್ಯಾಲೊಜೆನ್‌ಗೆಂದು ಮಾಡಿದ ಬುಟ್ಟಿಯಲ್ಲಿ ಅಗ್ಗದ ಎಲ್‌ಇಡಿ ಬಲ್ಬನ್ನು ತುರುಕಿದಾಗ ಕೆಡುವುದು ಇದೇ. ಎಲ್‌ಇಡಿ ಚಿಪ್ಪು ಚಪ್ಪಟೆಯಾದದ್ದು. ತಂತುವಿನಂತೆ ಸುತ್ತಲೂ ಬೆಳಕು ಚೆಲ್ಲುವುದಿಲ್ಲ. ಪ್ರತಿಫಲಕ ಅದನ್ನು ಬೇಕಾದಲ್ಲಿಗೆ ಕಳುಹಿಸಲಾರದೆ ಅತ್ತಿತ್ತ ಎರಚುತ್ತದೆ. ಚಾಲಕನಿಗೆ ಬಿಳಿಯ, ಹೊಸತಾದ ಬೆಳಕು ಸಿಕ್ಕಂತಾಗುತ್ತದೆ. ಎದುರಿನವನಿಗೆ ಸಿಗುವುದು ಕುರುಡು. ಕರ್ನಾಟಕದಲ್ಲಿ ಈ ಪಿಡುಗು ಎಷ್ಟು ಬೆಳೆಯಿತೆಂದರೆ, 2024ರ ಜುಲೈಯಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು.

ಊರಿನಿಂದ ತರುವ ಬಿಡಿಭಾಗಗಳ ಬಗ್ಗೆಯೂ ಒಂದು ಎಚ್ಚರಿಕೆ. ಭಾರತದ ಅಂಗಡಿಗಳಲ್ಲಿ ಸಿಗುವ 100/90 ವ್ಯಾಟಿನ ಎಚ್4 ಬಲ್ಬು ಯುರೋಪಿನ ರಸ್ತೆಗೆ ನಿಷಿದ್ಧ. ಹಳೆಯ ತಂತಿಗಳನ್ನೂ ಸ್ವಿಚ್ಚನ್ನೂ ಅದು ಕರಗಿಸಬಲ್ಲದು. ಇಡೀ ಹೆಡ್‌ಲೈಟನ್ನೇ ತಂದರೆ ಇನ್ನೊಂದು ತೊಡಕು. ಲೋಬೀಮ್ ಬೆಳಕು ರಸ್ತೆಯ ಅಂಚಿನ ಕಡೆಗೆ ತುಸು ಮೇಲೇರಿರುತ್ತದೆ. ಎಡಬದಿಯ ಸಂಚಾರವಿರುವ ಭಾರತ, ಬ್ರಿಟನ್‌ಗಳ ದೀಪ ಎಡಕ್ಕೆ ಏರುತ್ತದೆ. ಜರ್ಮನಿಯಲ್ಲಿ ಆ ಎಡಕ್ಕಿರುವುದು ಎದುರಿನ ವಾಹನ. ಯುರೋಪಿನ ಅನುಮೋದನೆ ಪಡೆದ ದೀಪದ ಗಾಜನ್ನು ಎದುರು ನಿಂತು ನೋಡಿದಾಗ ಬಲಕ್ಕೆ ಚಾಚಿದ ಬಾಣವಿದ್ದರೆ ಅದು ಎಡಬದಿ ಸಂಚಾರದ ದೀಪ, ಎರಡೂ ಕಡೆಗೆ ಬಾಣವಿದ್ದರೆ ಎರಡಕ್ಕೂ ಹೊಂದುವ ದೀಪ, ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರದ ದೀಪ.

ಕಾನೂನು ಏನು ಹೇಳುತ್ತದೆ

ದೀಪ ರಸ್ತೆಗೆ ಯೋಗ್ಯವೆಂದು ಹೇಳುವುದು ವೃತ್ತದೊಳಗಿನ ‘ಇ’ ಅಕ್ಷರ ಮತ್ತು ಅದರ ಪಕ್ಕದ ಅಂಕಿ. ಇ1 ಎಂದರೆ ಜರ್ಮನಿಯಲ್ಲಿ ದೊರೆತ ಅನುಮೋದನೆ. ಆದರೆ ಅಂತರ್ಜಾಲದಲ್ಲಿ ಮಾರುವ ಹಲವು ಎಲ್‌ಇಡಿ ಬಲ್ಬುಗಳ ಮೇಲಿನ ‘ಇ’ ಗುರುತಿನ ಜೊತೆ ‘10ಆರ್’ ಎಂದಿರುತ್ತದೆ. ಅದು ರೇಡಿಯೋ ಮುಂತಾದವಕ್ಕೆ ವಿದ್ಯುತ್ಕಾಂತೀಯ ಅಡಚಣೆ ಮಾಡುವುದಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ, ಬೆಳಕಿನ ಅನುಮೋದನೆಯಲ್ಲ.

ಹ್ಯಾಲೊಜೆನ್ ಬುಟ್ಟಿಗೆ ಹಾಕಬಹುದಾದ ಎಲ್‌ಇಡಿ ಬಲ್ಬಿಗೆ ಜರ್ಮನಿಯಲ್ಲಿ ಮೊದಲ ಬಾರಿ ಅನುಮತಿ ದೊರೆತದ್ದು 2020ರಲ್ಲಿ, ಓಸ್ರಾಮ್ ಸಂಸ್ಥೆಯ ಎಚ್7 ಬಲ್ಬಿಗೆ. ಮರುವರ್ಷ ಫಿಲಿಪ್ಸ್ ಬಲ್ಬಿಗೂ ದೊರೆಯಿತು; ಎಚ್4 ಮಾದರಿಗಳೂ ಬಂದವು. ಆದರೆ ಈ ಅನುಮತಿ ಪರೀಕ್ಷಿಸಿ ಪಟ್ಟಿಮಾಡಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಕೊಳ್ಳುವ ಮೊದಲು ತಯಾರಕರ ಪಟ್ಟಿಯಲ್ಲಿ ನಿಮ್ಮ ಗಾಡಿಯ ಮಾದರಿಯನ್ನೂ ದೀಪದ ಅನುಮೋದನೆ ಸಂಖ್ಯೆಯನ್ನೂ ಹೋಲಿಸಿ ನೋಡಬೇಕು.

ಅನುಮೋದನೆಯಿಲ್ಲದ ಬಲ್ಬನ್ನು ಹಾಕಿದರೆ ವಾಹನದ ‘ಬೆಟ್ರೀಬ್ಸ್‌ಎರ್‌ಲೌಬ್ನಿಸ್’, ಅಂದರೆ ಓಡಾಟದ ಪರವಾನಗಿಯೇ ರದ್ದಾಗಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ಗಾಡಿ ಅನುತ್ತೀರ್ಣವಾಗುತ್ತದೆ. ಅಪಘಾತವಾದರೆ ವಿಮಾ ಸಂಸ್ಥೆಯ ಮುಂದೆ ಉತ್ತರಿಸಬೇಕಾದೀತು.

ಹೆಚ್ಚುವರಿ ಹೈಬೀಮ್ ದೀಪಗಳಿಗೆ, ಚಾವಣಿಯ ಉದ್ದನೆಯ ಎಲ್‌ಇಡಿ ಪಟ್ಟಿಗಳಿಗೆ ಬೇರೆಯದೇ ಲೆಕ್ಕವಿದೆ. ಪ್ರತಿಯೊಂದು ದೀಪದ ಗಾಜಿನ ಮೇಲೆ 17.5, 37.5 ಮುಂತಾದ ಒಂದು ಅಂಕಿ ಅಚ್ಚಾಗಿರುತ್ತದೆ. ಒಟ್ಟಿಗೆ ಉರಿಯುವ ಎಲ್ಲ ಹೈಬೀಮ್ ದೀಪಗಳ ಅಂಕಿಗಳ ಮೊತ್ತ 100ನ್ನು ಮೀರಬಾರದು. ‘ಕೆಲಸದ ದೀಪ’ ಎಂದು ನೋಂದಾಯಿಸಿದ ದೀಪವನ್ನು ರಸ್ತೆಯಲ್ಲಿ ಓಡುವಾಗ ಉರಿಸುವಂತಿಲ್ಲ. ಪ್ರಖರ ದೀಪಗಳನ್ನು ಪರೀಕ್ಷಿಸುವ ಆಸೆಯುಳ್ಳವರಿಗೆ ಬವೇರಿಯಾದ ಲಾಂಗೆನಾಲ್ಟ್‌ಹೈಮ್‌ನಂಥ ಆಫ್‌ರೋಡ್ ಉದ್ಯಾನಗಳಿವೆ. ಓಡೆನ್‌ವಾಲ್ಡಿನ ಕಾಡುದಾರಿಗಳು ಅದಕ್ಕಾಗಿ ಇಲ್ಲ. ಅಲ್ಲಿ ಅನುಮತಿಯಿಲ್ಲದೆ ಖಾಸಗಿ ವಾಹನ ಹೋಗುವಂತಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ರೋಗನಿರ್ಣಯವಿಲ್ಲದೆ ಔಷಧ ಕೊಡುವುದು ಸಲ್ಲದು. ದೀಪ ಮಂಕಾಗಿದ್ದರೆ ಮೊದಲು ಅದರ ಕಾರಣವನ್ನು ಹುಡುಕಬೇಕು.

ಮೊದಲನೆಯದು ಗಾಜು. ಪ್ಲಾಸ್ಟಿಕ್ ಮುಖವಾದರೆ ಬಿಸಿಲಿಗೆ ಹಳದಿಗಟ್ಟಿರಬಹುದು. ಒಳಗಿನ ಪ್ರತಿಫಲಕದ ಹೊಳಪು ಮಾಸಿರಬಹುದು. ಪ್ರತಿಫಲಕ ಹಾಳಾಗಿದ್ದರೆ ಯಾವ ಬಲ್ಬೂ ಉಪಯೋಗಕ್ಕೆ ಬಾರದು. ಇಡೀ ದೀಪವನ್ನೇ ಬದಲಿಸಬೇಕು.

ಎರಡನೆಯದು ವಿದ್ಯುತ್ತು. ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಹಳೆಯ ಡಿಫೆಂಡರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ವಿದ್ಯುತ್ತು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹಾದುಬರುವುದರಿಂದ ಈ ನಷ್ಟ ಸಾಮಾನ್ಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ ಮತ್ತು ಬಲ್ಬಿನ ಬಳಿ ವೋಲ್ಟೇಜನ್ನು ಅಳೆದು ನೋಡಿ. ವ್ಯತ್ಯಾಸ ದೊಡ್ಡದಾಗಿದ್ದರೆ ಫ್ಯೂಸ್‌ಸಹಿತ ರಿಲೇ ಮತ್ತು ದಪ್ಪ ತಂತಿ ಹಾಕಿಸಿ, ಅರ್ಥಿಂಗ್ ಜೋಡಣೆಯ ತುಕ್ಕು ತೆಗೆಸಿ. ಹಲವು ಗಾಡಿಗಳಿಗೆ ಇಷ್ಟೇ ಸಾಕಾಗುತ್ತದೆ.

ಮೂರನೆಯದು ದಿಕ್ಕು. ಸಸ್ಪೆನ್ಷನ್ ಎತ್ತರಿಸಿದರೆ, ದೊಡ್ಡ ಟಯರು ಹಾಕಿದರೆ, ಹಿಂದೆ ಭಾರ ಹೇರಿದರೆ ದೀಪದ ದಿಕ್ಕು ಬದಲಾಗುತ್ತದೆ. ಸಾಮಾನ್ಯವಾಗಿ ಲೋಬೀಮ್ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರಿನಷ್ಟು ಕೆಳಗಿಳಿಯಬೇಕು. ನಿಮ್ಮ ಗಾಡಿಯ ನಿಖರವಾದ ಪ್ರಮಾಣ ದೀಪದ ಬಳಿ ನಮೂದಾಗಿರುತ್ತದೆ. ಲೋಬೀಮ್ ದೀಪದ ಮೇಲಂಚು ನೆಲದಿಂದ 120 ಸೆಂಟಿಮೀಟರಿಗಿಂತ ಎತ್ತರದಲ್ಲಿರಬಾರದು ಎಂಬುದೂ ನಿಯಮ. 1956ರಿಂದಲೂ ಪ್ರತಿ ಅಕ್ಟೋಬರಿನಲ್ಲಿ ಜರ್ಮನಿಯ ವರ್ಕ್‌ಶಾಪುಗಳು ‘ಲಿಖ್ಟ್‌ಟೆಸ್ಟ್’ ಎಂಬ ದೀಪತಪಾಸಣೆಯನ್ನು ಉಚಿತವಾಗಿ ನಡೆಸುತ್ತಿವೆ.

ನಾಲ್ಕನೆಯದು ಬಲ್ಬು. ಅನುಮೋದಿತ, ಒಳ್ಳೆಯ ಹ್ಯಾಲೊಜೆನ್ ಬಲ್ಬನ್ನು ಎರಡೂ ಬದಿಗೆ ಜೊತೆಯಾಗಿಯೇ ಬದಲಿಸಿ. ಪೆಟ್ಟಿಗೆಯ ಮೇಲೆ ‘ಶೇಕಡಾ 150 ಹೆಚ್ಚು’ ಎಂದಿದ್ದರೆ ಅದು ರಸ್ತೆಯ ಒಂದು ಚಿಕ್ಕ ಭಾಗಕ್ಕೆ ಸಂಬಂಧಿಸಿದ್ದು. ಇಂಥ ಬಲ್ಬಿನ ಆಯುಸ್ಸೂ ಕಡಿಮೆ. ಗಾಜನ್ನು ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕಾದು ಗಾಜು ಸಿಡಿಯಬಹುದು.

ಇಷ್ಟಾದರೂ ಸಾಲದಿದ್ದರೆ ಕೊನೆಯದಾಗಿ, ಎಲ್‌ಇಡಿಗಾಗಿಯೇ ರೂಪಿಸಿದ, ಬಲಬದಿ ಸಂಚಾರದ ‘ಇ’ ಅನುಮೋದನೆ ಪಡೆದ ಏಳಿಂಚಿನ ಪೂರ್ಣ ದೀಪ. ಅದರಲ್ಲಿ ಮಸೂರವೂ ಪ್ರತಿಫಲಕವೂ ಆ ಚಿಪ್ಪಿಗೆ ತಕ್ಕಂತೆ ಇರುತ್ತವೆ. ಒಂದೇ ಅನನುಕೂಲವೆಂದರೆ ಅದರ ಗಾಜು ತಣ್ಣಗಿರುವುದರಿಂದ ಮೇಲೆ ಕೂತ ಹಿಮ ತಾನಾಗಿ ಕರಗುವುದಿಲ್ಲ. ಹಿಮಪಾತದಲ್ಲಿ ಆಗಾಗ ನಿಂತು ಒರೆಸಬೇಕು.

ಮಂಜಿನ ವಿಷಯದಲ್ಲಿ, ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ನಂಬಿಕೆ ಹಳೆಯದು. ಫ್ರಾನ್ಸಿನಲ್ಲಿ 1936ರಿಂದ 1993ರವರೆಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ. ಚಾರ್ಮಾಡಿಯಲ್ಲಾಗಲಿ ರೈನ್ ಬಯಲಿನಲ್ಲಾಗಲಿ ಮಂಜಿನಲ್ಲಿ ನೆರವಾಗುವುದು ಬಣ್ಣಕ್ಕಿಂತ ದೀಪದ ಸ್ಥಾನ: ಕೆಳಮಟ್ಟದಲ್ಲಿ ಅಗಲವಾಗಿ ಬೆಳಗುವ ಮಂಜುದೀಪ ಮತ್ತು ತಗ್ಗಿಸಿದ ವೇಗ. ಹಿಂಬದಿಯ ಮಂಜುದೀಪವನ್ನು ಮಂಜಿನಿಂದಾಗಿ 50 ಮೀಟರಿಗಿಂತ ಆಚೆ ಕಾಣದಿದ್ದಾಗ ಮಾತ್ರ ಹಾಕಬೇಕು.

ಕೊನೆಯದಾಗಿ ವೈದ್ಯನ ಒಂದು ಮಾತು. ನಲವತ್ತು ದಾಟಿದವರಿಗೆ ರಾತ್ರಿ ದಾರಿ ಮಸುಕಾಗಿ ಕಂಡರೆ ಅದರ ಕಾರಣ ಗಾಡಿಯಲ್ಲಿಯೇ ಇರಬೇಕೆಂದಿಲ್ಲ. ಕನ್ನಡಕದ ಅಂಕಿ ಬದಲಾಗಿರಬಹುದು, ಪೊರೆಯ ಆರಂಭವಿರಬಹುದು. ವಿಂಡ್‌ಸ್ಕ್ರೀನಿನ ಒಳಮೈಯನ್ನು ಒರೆಸಿ, ಕಣ್ಣನ್ನು ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ಹೊಸ ದೀಪಕ್ಕೆ ಹಣ ತೆರುವುದು ಒಳ್ಳೆಯದು.