ಹೊಡೆಯದೆಯೂ ನೋಯಿಸುವವರು, ಹೊಣೆ ಜಾರಿಸುವ ಮಾತುಗಳು

ಅಹಮದಾಬಾದ್: ಹೋಟೆಲ್ ಉದ್ಯಮ, ಬ್ಯಾಂಕು, ಕಾರ್ಖಾನೆಗಳ ನೌಕರಿ ಎಂದು ಊರು ಬಿಟ್ಟು ಬಂದ ಕನ್ನಡಿಗರು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆ ನಿಂತು ದಶಕಗಳೇ ಸಂದಿವೆ. ರಾಜ್ಯೋತ್ಸವ, ಯಕ್ಷಗಾನ, ಅರಸಿನ ಕುಂಕುಮ ಎಂದು ಕುಟುಂಬ ಸಮೇತ ಒಂದೆಡೆ ಸೇರುವ ಪರಿಪಾಠವೂ ಉಳಿದಿದೆ. ಆದರೆ ಮದುವೆಯಾಗಿ ಊರಿನಿಂದ ನೇರ ಇಲ್ಲಿಗೆ ಬಂದ ಹೆಣ್ಣುಮಗಳು ಮನೆಯೊಳಗೆ ಏನು ಅನುಭವಿಸುತ್ತಿದ್ದಾಳೆ ಎಂಬುದು ಈ ಸಭೆಗಳಲ್ಲಿ ಕಾಣುವುದಿಲ್ಲ. ತವರು ದೂರ, ಗುಜರಾತಿ ಬಾರದು, ಪರಿಚಯದವರೆಲ್ಲ ಗಂಡನ ಕಡೆಯವರೇ. ಹೊಡೆತವಾದರೆ ಮೈಮೇಲೆ ಗುರುತು ಉಳಿಯುತ್ತದೆ. ಮಾತಿನ ಹಿಂಸೆಗೆ ಗುರುತಿಲ್ಲ. ಹಾಗಾಗಿ ಅದರ ಹೊಣೆಯಿಂದ ಜಾರಿಕೊಳ್ಳುವುದು ಸುಲಭ.

ಜಾರಿಕೊಳ್ಳುವ ದಾರಿಗಳು

ಮೊದಲನೆಯದು ನಿರಾಕರಣೆ. "ನಾನು ಹಾಗೆ ಹೇಳೇ ಇಲ್ಲ, ನಿನಗೆ ಭ್ರಮೆ" ಎಂಬ ಮಾತನ್ನು ದಿನವೂ ಕೇಳಿದವಳು ಕೊನೆಗೆ ತನ್ನ ನೆನಪನ್ನೇ ನಂಬದಂತಾಗುತ್ತಾಳೆ. ಇದಕ್ಕೆ 'ಗ್ಯಾಸ್‌ಲೈಟಿಂಗ್' ಎಂಬ ಹೆಸರು ಬಂದದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ ಇಂಗ್ಲಿಷ್ ನಾಟಕದಿಂದ. ಹೆಂಡತಿಗೆ ಬುದ್ಧಿ ಕೆಟ್ಟಿದೆ ಎಂದು ಅವಳನ್ನೇ ನಂಬಿಸಹೊರಟ ಗಂಡನ ಕಥೆ ಅದು.

ಎರಡನೆಯದು ಹಗುರ ಮಾಡುವುದು: "ತಮಾಷೆಗೆ ಅಂದದ್ದು, ಅಷ್ಟಕ್ಕೇ ಅಳುವುದೇ?"

ಮೂರನೆಯದು ನೆಪ. ಕೋಪ, ಕುಡಿತ, ವ್ಯಾಪಾರದ ಒತ್ತಡ ಎಂದು ಕಾರಣಗಳಿಗೆ ಕೊರತೆಯಿಲ್ಲ. ಆದರೆ ಅದೇ ವ್ಯಕ್ತಿ ಗಲ್ಲೆಯಲ್ಲಿ ಕುಳಿತಾಗ ಗಿರಾಕಿ ಎಷ್ಟು ಒರಟಾಗಿ ಮಾತಾಡಿದರೂ ನಗುತ್ತಲೇ ಚಿಲ್ಲರೆ ಎಣಿಸಿ ಕೊಡುತ್ತಾನೆ. ಅಲ್ಲಿ ಹಿಡಿತದಲ್ಲಿರುವ ಕೋಪ ಮನೆಗೆ ಬಂದೊಡನೆ ಕೈಮೀರುತ್ತದೆ ಎಂದರೆ ಅದು ಕೋಪದ ದೋಷವಲ್ಲ, ಯಾರ ಮೇಲೆ ತೋರಿಸಬಹುದು ಎಂಬ ಲೆಕ್ಕಾಚಾರ.

ನಾಲ್ಕನೆಯದು ತಿರುಗುಬಾಣ: "ನೀನೇ ನನ್ನನ್ನು ಕೆರಳಿಸಿದ್ದು." ನಿರಾಕರಿಸುವುದು, ಎದುರೇಟು ಕೊಡುವುದು, ಆಮೇಲೆ ತಾನೇ ನೊಂದವನೆಂದು ಹೇಳಿಕೊಳ್ಳುವುದು ಎಂಬ ಈ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೇಡ್ 1997ರಲ್ಲಿ ಗುರುತಿಸಿದರು.

ಹಿರಿಯರ ಜವಾಬ್ದಾರಿ

ವಿಷಯ ಹಿರಿಯರ ಮುಂದೆ ಬಂದಾಗ ಈ ನಾಲ್ಕನೆಯದೇ ಹೆಚ್ಚು ಕೆಲಸ ಮಾಡುತ್ತದೆ. ಗಂಡ ಶಾಂತವಾಗಿ, ಗೌರವದಿಂದ ಮಾತಾಡುತ್ತಾನೆ. ವರ್ಷಗಟ್ಟಲೆ ನುಂಗಿಕೊಂಡವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ. ತಪ್ಪು ಅವಳದೇ ಎಂಬಂತೆ ಕಾಣುತ್ತದೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಹಿತವಚನ ಒಳ್ಳೆಯ ಮನಸ್ಸಿನಿಂದಲೇ ಬಂದರೂ ಅದು ಅವನ ಕೈಗೆ ಮತ್ತೊಂದು ನೆಪವನ್ನು ಕೊಟ್ಟಂತೆ.

ಸಂಧಾನಕ್ಕೆ ಕುಳಿತವರು ಆಕೆಯ ಮಾತನ್ನು ಮೊದಲು ಪ್ರತ್ಯೇಕವಾಗಿ, ಮಹಿಳೆಯೊಬ್ಬರ ಸಮ್ಮುಖದಲ್ಲಿ ಕೇಳುವುದು ಒಳಿತು. "ಕ್ಷಮಿಸಿ, ಆದರೆ..." ಎಂದು ಶುರುವಾಗುವ ಮಾತು ಕ್ಷಮೆಯಲ್ಲ. ಮಾಡಿದ್ದನ್ನು ಮಾಡಿದೆ ಎಂದು ಒಪ್ಪಿ, ಮುಂದಿನ ತಿಂಗಳುಗಳಲ್ಲಿ ನಡೆ ಬದಲಾಯಿತೇ ಎಂಬುದೇ ಪರೀಕ್ಷೆ.

ಕಾನೂನಿನ ಆಸರೆ

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ಅವಮಾನ, ಗೇಲಿ, ಮಕ್ಕಳಿಲ್ಲವೆಂಬ ಅಥವಾ ಗಂಡುಮಗುವಿಲ್ಲವೆಂಬ ಮೂದಲಿಕೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಹೊರನಾಡಿನವರಿಗೆ ಮುಖ್ಯವಾದದ್ದು ಇದರ 27ನೇ ಕಲಂ. ಸೂರತ್‌ನಲ್ಲಿ ನೊಂದು ಉಡುಪಿಯ ತವರು ಸೇರಿದವಳು ಉಡುಪಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ತವರಿಗೆ ಮರಳಿದರೂ ಮಾನಸಿಕ ಯಾತನೆ ಮುಂದುವರಿಯುತ್ತದೆ, ಆದ್ದರಿಂದ ಅಲ್ಲಿಯೂ ಕ್ರೌರ್ಯದ ದೂರು ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 9ರಂದು ರೂಪಾಲಿ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಿಂದಿನ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ಮಾನಸಿಕ ಕ್ರೌರ್ಯವನ್ನು ಗಂಡಸರೂ ಅನುಭವಿಸುವುದುಂಟು. ಹಿಂದೂ ವಿವಾಹ ಕಾಯಿದೆಯಡಿ ವಿಚ್ಛೇದನಕ್ಕೆ ಅದು ಇಬ್ಬರಿಗೂ ಆಧಾರ.

ಗುಜರಾತಿನಲ್ಲಿ ಈ ಕೆಲಸಕ್ಕೆ ಹಳೆಯ ಪರಂಪರೆಯಿದೆ. ಗಾಂಧೀಜಿಯವರ ಪ್ರೇರಣೆಯಿಂದ ಮೃದುಲಾ ಸಾರಾಭಾಯಿ ಅಹಮದಾಬಾದಿನಲ್ಲಿ 'ಜ್ಯೋತಿ ಸಂಘ'ವನ್ನು 1934ರಲ್ಲಿ ಸ್ಥಾಪಿಸಿದರು. ಇಳಾ ಪಾಠಕ್ ಅವರ 'ಅವಾಜ್' ಸಂಸ್ಥೆ 1981ರಲ್ಲಿ ಹುಟ್ಟಿತು. ವಡೋದರಾದಲ್ಲಿ ಅದೇ ದಶಕದಲ್ಲಿ 'ಸಹಿಯರ್' ಆರಂಭವಾಯಿತು. 2015ರಿಂದ ರಾಜ್ಯದಾದ್ಯಂತ ಇರುವ 'ಅಭಯಂ' ಸಹಾಯವಾಣಿ 181ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಗತ್ಯ ಬಿದ್ದರೆ ಆಪ್ತ ಸಮಾಲೋಚಕಿ ಮತ್ತು ಮಹಿಳಾ ಪೊಲೀಸ್ ಇರುವ ವಾಹನವೇ ಬರುತ್ತದೆ. ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ದೊರೆಯುತ್ತಾರೆ.

ಸಂಘದ ಮಹಿಳಾ ವಿಭಾಗದವರು ಈ ಸಂಖ್ಯೆಯನ್ನು ಮುಂದಿನ ಅರಸಿನ ಕುಂಕುಮದ ದಿನ ತಾಂಬೂಲದ ಜತೆಗೊಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು. ಊರಿನಿಂದ ಹೊಸದಾಗಿ ಬಂದ ಸೊಸೆಗೆ ಭಾಷೆ ಬಾರದ ಊರಿನಲ್ಲಿ ಅದೊಂದು ಆಸರೆಯಾದೀತು.