ಹುಡುಗಿಯರ ಹೆಗಲೇರಿದ ಢೋಲ್

ಮಟಮಟ ಮಧ್ಯಾಹ್ನ ಡಿಸ್ಕೊ ಬಾಗಿಲು ತೆರೆಯುವುದುಂಟೇ? 1980ರ ದಶಕದ ಇಂಗ್ಲೆಂಡಿನಲ್ಲಿ ತೆರೆಯುತ್ತಿತ್ತು. ‘ಡೇಟೈಮರ್’ ಎಂದೇ ಅದರ ಹೆಸರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಪಾಲೇಯಂಥ ದೊಡ್ಡ ನೃತ್ಯಶಾಲೆಗಳಲ್ಲಿ ವಾರದ ದಿನವೇ ಭಾಂಗ್ರಾ ಬ್ಯಾಂಡುಗಳು ಹಾಡುತ್ತಿದ್ದವು. ಎದುರಿಗೆ ಕುಣಿಯುತ್ತಿದ್ದವರು ಶಾಲೆ ಕಾಲೇಜಿಗೆ ಚಕ್ಕರ್ ಹೊಡೆದು ಬಂದ ಪಂಜಾಬಿ, ಗುಜರಾತಿ, ಪಾಕಿಸ್ತಾನಿ ಮನೆಗಳ ಮಕ್ಕಳು. ಹುಡುಗಿಯರು ಸಲ್ವಾರ್ ತೊಟ್ಟೇ ಮನೆ ಬಿಡುತ್ತಿದ್ದರು. ಶೌಚಾಲಯದಲ್ಲಿ ಜೀನ್ಸಿಗೆ ಬದಲಾಯಿಸಿ ಕುಣಿದು, ಕತ್ತಲಾಗುವ ಮೊದಲೇ ಮತ್ತೆ ಸಲ್ವಾರಿನಲ್ಲಿ ಮನೆ ಸೇರುತ್ತಿದ್ದರು. ರಾತ್ರಿ ಹೊರಗೆ ಹೋಗಲು ಅಪ್ಪ ಅಮ್ಮ ಬಿಡುತ್ತಿರಲಿಲ್ಲ. ಅವರು ಬಿಟ್ಟರೂ ಬಿಳಿಯರ ಎಷ್ಟೋ ಕ್ಲಬ್ಬುಗಳ ಬಾಗಿಲಲ್ಲಿ ಇವರಿಗೆ ಪ್ರವೇಶವಿರಲಿಲ್ಲ.

ಹೀಗೆ ಕದ್ದು ಕುಣಿದ ಕುಣಿತ ಇಂದು ವಿಶ್ವವಿದ್ಯಾಲಯಗಳ ಸ್ಪರ್ಧೆಗಳಲ್ಲಿದೆ, ಬಡಾವಣೆಯ ಜಿಮ್‌ಗಳಲ್ಲಿದೆ. ಹೊರದೇಶದ ದಕ್ಷಿಣ ಏಷ್ಯಾ ಮೂಲದ ಯುವತಿಯರು ಬೆವರು ಹರಿಸುವ ದಾರಿಗಳಲ್ಲಿ ಅದಕ್ಕೂ ಒಂದು ಗಟ್ಟಿ ಸ್ಥಾನವಿದೆ. ಟ್ರೆಡ್‌ಮಿಲ್ಲಿಗೆ ಬೇಸತ್ತವರೂ ಢೋಲ್ ಸದ್ದು ಕೇಳಿದರೆ ಎದ್ದು ನಿಲ್ಲುತ್ತಾರೆ. ಇದು ಹೇಗಾಯಿತು ಎಂಬುದರಲ್ಲಿ ಸಂಗೀತದ ಚರಿತ್ರೆಯೂ ಇದೆ, ಆರೋಗ್ಯದ ಪಾಠವೂ ಇದೆ.

ಗೋಧಿ ಹೊಲದಿಂದ ಎರಕದ ಕಾರ್ಖಾನೆಗೆ

ಭಾಂಗ್ರಾ ಮೂಲತಃ ಸಿಯಾಲ್‌ಕೋಟ್, ಗುಜ್ರಾಂವಾಲಾ, ಗುರುದಾಸಪುರ ಸೀಮೆಯ ರೈತರ ಕುಣಿತ. ಗೋಧಿ ಕಟಾವಿನ ಕಾಲಕ್ಕೆ, ಬೈಸಾಖಿ ಹಬ್ಬದ ಸುತ್ತಮುತ್ತ ಗಂಡಸರು ಢೋಲಿನ ಸುತ್ತ ನೆರೆಯುತ್ತಿದ್ದರು. ಹೆಂಗಸರದು ಬೇರೆಯೇ ಆದ ಗಿದ್ದಾ. ಚಪ್ಪಾಳೆ ತಟ್ಟಿ, ಬೋಲಿ ಎಂಬ ಚುಟುಕು ಪದ್ಯಗಳಲ್ಲಿ ಅತ್ತೆ ನಾದಿನಿಯರನ್ನು ಛೇಡಿಸುತ್ತ, ಮನೆಯಂಗಳದಲ್ಲೇ ನಡೆಯುವ ಕುಣಿತ ಅದು.

ದೇಶ ಇಬ್ಭಾಗವಾದಾಗ ಭಾಂಗ್ರಾದ ತವರೂ ಎರಡಾಯಿತು. 1950ರ ದಶಕದಲ್ಲಿ ಪಟಿಯಾಲಾ ಸೀಮೆಯ ಸುನಾಮ್‌ನ ದೀಪಕ್ ಸಹೋದರರು ಮತ್ತು ಢೋಲ್ ವಾದಕ ಭಾನಾ ರಾಮ್ ಸೇರಿ ಲುಡ್ಡಿ, ಝುಮ್ಮರ್ ಮುಂತಾದ ಬೇರೆ ಬೇರೆ ಕುಣಿತಗಳ ಹೆಜ್ಜೆಗಳನ್ನು ಒಟ್ಟು ಹೊಲಿದು ವೇದಿಕೆಯ ಭಾಂಗ್ರಾವನ್ನು ಕಟ್ಟಿದರು. ದೆಹಲಿಯ ಗಣರಾಜ್ಯೋತ್ಸವದಲ್ಲಿ ಕುಣಿದ ಅವರನ್ನು 1957ರ ‘ನಯಾ ದೌರ್’ ಸಿನಿಮಾ ದೇಶಕ್ಕೆಲ್ಲ ತೋರಿಸಿತು.

ಅದೇ ಕಾಲಕ್ಕೆ ಪಂಜಾಬಿನ ಯುವಕರು ಬರ್ಮಿಂಗ್‌ಹ್ಯಾಮ್ ಸುತ್ತಲಿನ ಎರಕದ ಕಾರ್ಖಾನೆಗಳಿಗೆ, ಲಂಡನ್ನಿನ ಸೌತಾಲ್‌ಗೆ ದುಡಿಯಲು ಹೋದರು. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಭುಜಂಗಿ ಗ್ರೂಪ್, 1977ರಲ್ಲಿ ಸೌತಾಲ್‌ನಲ್ಲಿ ಚನ್ನಿ ಸಿಂಗ್ ಅವರ ಆಲಾಪ್ ಹುಟ್ಟಿದವು. ಢೋಲ್, ಒಂಟಿ ತಂತಿಯ ತುಂಬಿ ವಾದ್ಯಗಳ ಜೊತೆಗೆ ಗಿಟಾರು, ಸಿಂಥಸೈಜರ್ ಕೂತವು. ಮದುವೆ ಮನೆಗಳೇ ಮೊದಲ ವೇದಿಕೆ, ಮಿಠಾಯಿ ದಿನಸಿ ಅಂಗಡಿಗಳೇ ಕ್ಯಾಸೆಟ್ ಮಾರುವ ಮಳಿಗೆ. ಅಂಗಡಿಗಳಲ್ಲಿ ಎಷ್ಟೇ ಮಾರಾಟವಾದರೂ ಬ್ರಿಟನ್ನಿನ ಅಧಿಕೃತ ಹಾಡುಪಟ್ಟಿಯ ಲೆಕ್ಕಕ್ಕೆ ಆ ಕ್ಯಾಸೆಟ್ಟುಗಳು ಸಿಗುತ್ತಿರಲಿಲ್ಲ. 1998ರಲ್ಲಿ ಬಂದ ಪಂಜಾಬಿ ಎಂಸಿಯ ‘ಮುಂಡಿಯಾಂ ತೋ ಬಚ್ ಕೇ’ 2003ರಲ್ಲಿ ಆ ಪಟ್ಟಿಯ ಐದನೇ ಸ್ಥಾನಕ್ಕೆ ಏರಿದಾಗ ಜಗತ್ತೇ ತಿರುಗಿ ನೋಡಿತು.

ಹೆಣ್ಣುಮಕ್ಕಳ ಸರದಿ

ಆ ಮದುವೆ ಮನೆಗಳಲ್ಲಿ ಗಂಡಸರು ಕುಣಿದರೆ ಹೆಂಗಸರು ಗೋಡೆ ಬದಿಗೆ ಕೂತು ನೋಡಬೇಕಿತ್ತು. ಈ ರೂಢಿಯನ್ನು ಅಲ್ಲಾಡಿಸಿದವರಲ್ಲಿ ಸೌತಾಲ್‌ನ ಗಾಯಕಿ ಮೊಹಿಂದರ್ ಕೌರ್ ಭಾಮ್ರಾ ಮುಖ್ಯರು. ಗುರುದ್ವಾರದಲ್ಲಿ ಕೀರ್ತನೆ ಹಾಡುತ್ತಿದ್ದ ಈ ತಾಯಿ ಮದುವೆಯ ವೇದಿಕೆಯಿಂದಲೇ ಹೆಂಗಸರನ್ನು ಕುಣಿಯಲು ಕರೆಯುತ್ತಿದ್ದರೆಂದು ಆ ಕಾಲ ಕಂಡವರು ನೆನೆಯುತ್ತಾರೆ. ಚಿಕ್ಕಂದಿನಿಂದಲೇ ಅಮ್ಮನಿಗೆ ತಬಲಾ ಸಾಥ್ ಕೊಟ್ಟ ಮಗ ಕುಲ್‌ಜೀತ್ ಭಾಮ್ರಾ ಮುಂದೆ ಬ್ರಿಟಿಷ್ ಭಾಂಗ್ರಾದ ದೊಡ್ಡ ಸಂಯೋಜಕರಾದರು. ತಾಯಿ ಮಗ ಕೂಡಿ 1982ರಲ್ಲಿ ತಂದ ಆಲ್ಬಮ್ಮಿನ ಹೆಸರು ‘ಪಂಜಾಬಿ ಡಿಸ್ಕೊ’.

ಡೇಟೈಮರ್‌ಗಳ ಕಾಲಕ್ಕೆ ಬ್ರಾಡ್‌ಫರ್ಡಿನ ಯುವತಿಯೊಬ್ಬಳು ‘ರ‍್ಯಾಡಿಕಲ್ ಸಿಸ್ಟಾ’ ಎಂಬ ಹೆಸರಿನಲ್ಲಿ ಡಿಜೆಯಾಗಿ ನಿಂತಳು. ಅಟ್ಲಾಂಟಿಕ್ ಆಚೆ ಡಿಜೆ ರೇಖಾ 1997ರಿಂದ 2017ರವರೆಗೆ ನ್ಯೂಯಾರ್ಕಿನಲ್ಲಿ ತಿಂಗಳು ತಿಂಗಳು ‘ಬೇಸ್‌ಮೆಂಟ್ ಭಾಂಗ್ರಾ’ ನಡೆಸಿದರು. 1999ರಲ್ಲಿ ಬರ್ಮಿಂಗ್‌ಹ್ಯಾಮಿನ ಪರ್ವ್ ಕೌರ್ ಕಟ್ಟಿದ ‘ಇಟರ್ನಲ್ ತಾಲ್’ ತಂಡದಲ್ಲಿ ಢೋಲ್ ಹೊತ್ತವರೆಲ್ಲ ಹೆಣ್ಣುಮಕ್ಕಳೇ. ನಮ್ಮ ಡೊಳ್ಳಿನ ಕಥೆಯೂ ಹೆಚ್ಚುಕಡಿಮೆ ಇದೇ ತಾನೆ? ಬೀರೇಶ್ವರನ ಗುಡಿಯಂಗಳದಲ್ಲಿ ಗಂಡಸರಷ್ಟೇ ಬಾರಿಸುತ್ತಿದ್ದ ಡೊಳ್ಳನ್ನು ಇಂದು ಮಹಿಳಾ ತಂಡಗಳು ಹೆಗಲಿಗೇರಿಸಿ ಮೆರವಣಿಗೆಗಳಲ್ಲಿ ಗುಡುಗಿಸುತ್ತಿವೆ.

ಅಮೆರಿಕದಲ್ಲಿ ಭಾಂಗ್ರಾಕ್ಕೆ ಮನೆ ಕೊಟ್ಟದ್ದು ವಿಶ್ವವಿದ್ಯಾಲಯಗಳು. ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1990ರ ದಶಕದಲ್ಲಿ ಆರಂಭಿಸಿದ ‘ಭಾಂಗ್ರಾ ಬ್ಲೋಔಟ್’ ಸ್ಪರ್ಧೆಯಿಂದ ಒಂದು ಅಲೆಯೇ ಎದ್ದಿತು. ಗಂಡು ಹೆಣ್ಣು ಬೆರೆತ ತಂಡಗಳ ಪಕ್ಕದಲ್ಲಿ ಹುಡುಗಿಯರದೇ ತಂಡಗಳೂ ಬಂದವು. ಪಂಜಾಬಿ ಬಾರದವರೂ ಅವುಗಳಿಗೆ ಸೇರಬಹುದು; ಹೆಜ್ಜೆ ಕಲಿಯುವ ಛಲವಿದ್ದರೆ ಸಾಕು. ಇದೇ ಹೆಜ್ಜೆಗಳನ್ನು ನ್ಯೂಯಾರ್ಕಿನ ಸರೀನಾ ಜೈನ್ ‘ಮಸಾಲಾ ಭಾಂಗ್ರಾ’ ಎಂಬ ವ್ಯಾಯಾಮ ತರಗತಿಯಾಗಿ ಜಿಮ್‌ಗಳಿಗೆ ಒಯ್ದರು.

ಎಂಟು ಮಾತ್ರೆಯ ಕಸರತ್ತು

ಢೋಲಿಗೆ ಎರಡು ಮುಖ, ಬಾರಿಸಲು ಎರಡು ಕೋಲು. ಬಾಗಿದ ದಪ್ಪ ಕೋಲು ಡಗ್ಗಾ, ಮಂದ್ರದ ಬದಿಗೆ. ಬೆತ್ತದ ತೆಳು ಕಡ್ಡಿ ತಿಲ್ಲಿ, ತಾರದ ಬದಿಗೆ. ಭಾಂಗ್ರಾದ ಬೆನ್ನೆಲುಬಾದ ತಾಳ ‘ಚಾಲ್’: ಧಾ ನಾ ನಾ ನಾ, ನಾ ಧಾ ಧಾ ನಾ. ಎಂಟು ಮಾತ್ರೆಗಳ ಈ ನಡೆಗೆ ಮಂಡಿ ಸಡಿಲ ಬಿಟ್ಟು ಮುಂಗಾಲಿನ ಮೇಲೆ ಪುಟಿಯಬೇಕು, ಭುಜ ಮಿಡಿಯಬೇಕು, ತೋಳುಗಳು ಹೆಗಲಿಗಿಂತ ಮೇಲೇ ಇರಬೇಕು. ನಡುನಡುವೆ ಕುಕ್ಕರುಗಾಲಿನಲ್ಲಿ ಕೂತು ಏಳುವ, ಒಂಟಿಗಾಲಿನಲ್ಲಿ ಜಿಗಿಯುವ ಹೆಜ್ಜೆಗಳು ಬರುತ್ತವೆ. ಇಷ್ಟಾದರೂ ಮುಖದಲ್ಲಿ ದಣಿವು ಕಾಣಬಾರದು. ಸ್ಪರ್ಧೆಯಲ್ಲಿ ಏಳೆಂಟು ನಿಮಿಷ ಹೀಗೆ ನಗುತ್ತ ಕುಣಿಯಲು ತಿಂಗಳುಗಟ್ಟಲೆ ತಾಲೀಮು ಬೇಕು.

ದೇಹಕ್ಕೆ ಇದರಿಂದ ಸಿಗುವುದೇನು? ತೊಡೆ, ಮೀನಖಂಡ, ಸೊಂಟ, ಭುಜಗಳಿಗೆ ಒಟ್ಟಿಗೇ ಕೆಲಸ. ಹೃದಯ ಶ್ವಾಸಕೋಶಗಳಿಗೂ ಒಳ್ಳೆಯ ದುಡಿಮೆ. ನೆಲಕ್ಕೆ ಕಾಲು ಊರಿ ಜಿಗಿಯುವುದರಿಂದ ಮೂಳೆಗೆ ಬಲ. ಮೂಳೆಯ ಗಟ್ಟಿತನದ ಬಹುಪಾಲು ಕೂಡಿಬರುವುದು ಹದಿಹರೆಯ ಮತ್ತು ಇಪ್ಪತ್ತರ ಹರೆಯದಲ್ಲೇ. ಆದ್ದರಿಂದ ಹುಡುಗಿಯರಿಗೆ ಜಿಗಿತ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಕಠಿಣ ಶ್ರಮ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಶ್ರಮವನ್ನು ಅಳೆಯಲು ಯಂತ್ರವೂ ಬೇಡ. ಕುಣಿಯುತ್ತ ಮಾತಾಡಬಹುದು, ಹಾಡಲಾಗದು ಎಂದರೆ ಮಧ್ಯಮ. ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ಕಠಿಣ. ವಾರಕ್ಕೆ ಮೂರು ದಿನದ ಭಾಂಗ್ರಾ ತಾಲೀಮು ವಯಸ್ಕರ ಲೆಕ್ಕವನ್ನು ಸಲೀಸಾಗಿ ಮುಟ್ಟಿಸುತ್ತದೆ.

ಎಚ್ಚರವೂ ಬೇಕು. ಮೈ ಬಿಸಿ ಮಾಡಿಕೊಳ್ಳದೆ, ಸಿಮೆಂಟಿನ ನೆಲದ ಮೇಲೆ, ಬರಿಗಾಲಲ್ಲಿ ಜಿಗಿದರೆ ಮಂಡಿ, ಮೊಣಕಾಲ ಕೆಳಗಿನ ಮೂಳೆಗಳು ನೋಯುತ್ತವೆ. ಒಳ್ಳೆಯ ಶೂ, ಸರಿಯಾದ ಸ್ಪೋರ್ಟ್ಸ್ ಬ್ರಾ, ಮರದ ಅಥವಾ ರಬ್ಬರಿನ ನೆಲ ಇವು ಶೋಕಿಯ ಮಾತಲ್ಲ.

ಗ್ಲಾಸ್ಗೋ ಕಲಿಸಿದ ಪಾಠ

ವಲಸಿಗರಿಗೆ ಆರೋಗ್ಯ ಬೋಧಿಸುವುದು ಬ್ರಿಟನ್ನಿಗೆ ಹೊಸದೇನಲ್ಲ. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೋ ನಗರದ ವೈದ್ಯರು ಪಾಕಿಸ್ತಾನಿ ಕುಟುಂಬಗಳ ಮಕ್ಕಳಲ್ಲಿ, ಹೆಂಗಸರಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್ ಮತ್ತು ಅಂಥದೇ ತೊಂದರೆಗಳನ್ನು ಗುರುತಿಸಿದರು. ಕಾರಣ ವಿಟಮಿನ್ ಡಿ ಕೊರತೆ. ಅಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗಿನ ಬಿಸಿಲಿಗೆ ಚರ್ಮದಲ್ಲಿ ಆ ವಿಟಮಿನ್ ಹುಟ್ಟಿಸುವ ಶಕ್ತಿಯಿಲ್ಲ. ಕಪ್ಪು ಚರ್ಮಕ್ಕೆ ಬೇಸಿಗೆಯ ಬಿಸಿಲೂ ಹೆಚ್ಚು ಹೊತ್ತು ಬೇಕು. ಬಿಳಿಯರ ಮಾರ್ಗರೀನಿಗೆ 1940ರಿಂದಲೇ ಸರ್ಕಾರ ವಿಟಮಿನ್ ಡಿ ಬೆರೆಸುತ್ತಿತ್ತು. ಚಪಾತಿ ಹಿಟ್ಟಿಗೂ ಬೆರೆಸಿ ಎಂಬ ಬೇಡಿಕೆ ಎದ್ದಾಗ ಸರ್ಕಾರ ಒಪ್ಪಲಿಲ್ಲ. 1981ರ ‘ಸ್ಟಾಪ್ ರಿಕೆಟ್ಸ್’ ಅಭಿಯಾನ ಏಷ್ಯನ್ನರಿಗೆ ತಮ್ಮ ಊಟ, ರೂಢಿಗಳನ್ನು ತಿದ್ದಿಕೊಳ್ಳಲು ಹೇಳಿತು. ನಮ್ಮ ಅಡುಗೆಯೇ ರೋಗವೇ ಎಂದು ಜನ ಸಿಟ್ಟಾದದ್ದು ಸಹಜ.

ಇಂದು ಬ್ರಿಟನ್ನಿನ ಸಲಹೆ ಸರಳವಾಗಿದೆ: ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಯೋಚಿಸಬೇಕು. ಎರಡನೆಯ ಚಿಂತೆ ಸಕ್ಕರೆ ಕಾಯಿಲೆ. ಬ್ರಿಟನ್ನಿನ ದಕ್ಷಿಣ ಏಷ್ಯನ್ನರಿಗೆ ಟೈಪ್ 2 ಮಧುಮೇಹದ ಸಾಧ್ಯತೆ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು, ಬರುವುದೂ ಬೇಗ. ಆದ್ದರಿಂದಲೇ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಅವರಿಗೆ 23 ಆದಾಗಲೇ ಎಚ್ಚರಿಕೆ ಶುರು. ಬಿಳಿಯರಿಗಾದರೆ ಅದು 25.

ಒಳಗಿನಿಂದ ಬಂದ ಭಾಂಗ್ರಾ ಗೆದ್ದದ್ದು ಹೊರಗಿನಿಂದ ಬಂದ ಈ ಬೋಧನೆಗಳು ಸೋತ ಕಡೆ. ಈಜುಕೊಳದ ಉಡುಪು, ಗಂಡಸರು ತುಂಬಿದ ಜಿಮ್, ಮನೆಯವರ ಮುಜುಗರ, ಯಾವುದೂ ಇಲ್ಲಿ ಅಡ್ಡ ಬರುವುದಿಲ್ಲ. ಸಲ್ವಾರ್ ಕಮೀಜಿನಲ್ಲೇ ಕುಣಿಯಬಹುದು. ಅಜ್ಜಿಗೂ ಹಾಡು ಗೊತ್ತು. ಹಾಗೆಂದು ಇದನ್ನು ಸಂಪ್ರದಾಯದ ಕೊಡುಗೆ ಎಂದಷ್ಟೇ ಕೊಂಡಾಡುವಂತಿಲ್ಲ. ಸಂಪ್ರದಾಯ ಹೆಣ್ಣುಮಕ್ಕಳನ್ನು ಗೋಡೆ ಬದಿಗೆ ಕೂರಿಸಿತ್ತು. ತಾಳವನ್ನು ಉಳಿಸಿಕೊಂಡು ಆ ಗೋಡೆಯನ್ನು ಬಿಟ್ಟು ಬಂದದ್ದು ಅವರದೇ ಸಾಹಸ.

ತಟ್ಟೆಯ ಲೆಕ್ಕ

ಕುಣಿಯುವವಳಿಗೆ ಊಟ ಸಾಲದಿದ್ದರೆ ಕುಣಿತವೇ ಕೇಡಾಗುತ್ತದೆ. ವೇದಿಕೆಯಲ್ಲಿ ತೆಳ್ಳಗೆ ಕಾಣಬೇಕೆಂದು ಊಟ ಬಿಟ್ಟು ತಾಲೀಮು ಮಾಡುವ ಹುಡುಗಿಯರಿದ್ದಾರೆ. ವ್ಯಯವಾಗುವ ಶಕ್ತಿಗೆ ತಕ್ಕಷ್ಟು ಆಹಾರ ಸಿಗದಾಗ ಮುಟ್ಟು ಏರುಪೇರಾಗುತ್ತದೆ ಅಥವಾ ನಿಂತೇ ಹೋಗುತ್ತದೆ, ಮೂಳೆ ಸವೆಯುತ್ತದೆ, ಸಣ್ಣ ಪೆಟ್ಟಿಗೂ ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ ಎಂದು ಹೆಸರಿಟ್ಟಿತು. ಮೂರು ತಿಂಗಳು ಮುಟ್ಟಾಗಲಿಲ್ಲವೆಂದರೆ ಅದು ತರಬೇತಿಯ ಹೆಚ್ಚುಗಾರಿಕೆಯಲ್ಲ, ವೈದ್ಯರನ್ನು ಕಾಣಬೇಕಾದ ಸೂಚನೆ.

ಮುಂದಿನ ಮಾತು ಕಬ್ಬಿಣಾಂಶದ್ದು. ಇದು ಹೊರದೇಶದವರಿಗಿಂತ ನಮಗೇ ಹೆಚ್ಚು ತಟ್ಟುವ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಿಗೆ 19 ಸಾಕು. ಎರಡು ಹೆಜ್ಜೆಗೇ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎಂದು ಬೈಯುವ ಮುಂಚೆ ಅವಳ ರಕ್ತ ಪರೀಕ್ಷಿಸಬೇಕು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಪಂಜಾಬಿ ಅಡುಗೆಯಲ್ಲಿ ಸಾಸಿವೆ ಸೊಪ್ಪಿನ ಸಾಗ್, ಕಡಲೆ, ರಾಜ್ಮಾ, ಲಸ್ಸಿ, ಪನೀರ್ ಇವೆ. ನಮ್ಮಲ್ಲಿ ಹುರುಳಿ, ಹೆಸರುಕಾಳು, ಬಸ್ಸಾರು, ನುಗ್ಗೆಸೊಪ್ಪು, ಮೊಟ್ಟೆ, ಮೀನು ಇವೆ. ಕಾಳು, ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ಅದರಲ್ಲಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ಊಟದ ಬೆನ್ನಿಗೇ ಚಹಾ ಕಾಫಿ ಕುಡಿದರೆ ದಕ್ಕುವುದು ಕಡಿಮೆ. ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ: 100 ಗ್ರಾಮಿಗೆ 350 ಮಿಲಿಗ್ರಾಂನಷ್ಟು. ಪ್ರೋಟೀನ್ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 50 ಕಿಲೋ ತೂಗುವವಳಿಗೆ ದಿನಕ್ಕೆ 42 ಗ್ರಾಮಿನಷ್ಟು. ಕಠಿಣ ತಾಲೀಮಿದ್ದರೆ ಇನ್ನೂ ಹೆಚ್ಚು. ಎರಡು ಇಡ್ಲಿ, ತಿಳಿಸಾರು, ಅನ್ನದಲ್ಲಿ ಇಷ್ಟು ಪ್ರೋಟೀನ್ ಸಿಗದು. ತಾಲೀಮಿಗೆ ಎರಡು ಗಂಟೆ ಮೊದಲು ಹೊಟ್ಟೆ ತುಂಬ ಊಟ, ಹೊರಡುವಾಗ ಒಂದು ಬಾಳೆಹಣ್ಣು, ಮುಗಿದ ಮೇಲೆ ಮಜ್ಜಿಗೆ ಮತ್ತು ಕಾಳಿನ ಉಸಲಿ ಇದ್ದರೆ ದುಬಾರಿ ಪುಡಿ ಡಬ್ಬಗಳ ಹಂಗಿಲ್ಲ. ಬಿಸಿಲಿನ ನಾಡಿನಲ್ಲೂ ವಿಟಮಿನ್ ಡಿ ಕೊರತೆ ಅಪರೂಪವಲ್ಲವಾದ್ದರಿಂದ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಕುಣಿತ ಭಾಂಗ್ರಾವೇ ಆಗಬೇಕೆಂದಿಲ್ಲ. ಡೊಳ್ಳು, ಕಂಸಾಳೆ, ಕೋಲಾಟ, ಊರಿನ ಯಾವ ತಾಳವಾದರೂ ಸರಿ. ಜೊತೆಗಾರರಿದ್ದು, ಮನಸ್ಸಿಗೆ ಹಿಡಿಸಿ, ವಾರಕ್ಕೆ ಮೂರು ದಿನ ಬೆವರು ಹರಿಸುವಂತಿದ್ದರೆ ಅದೇ ಉತ್ತಮ ವ್ಯಾಯಾಮ. ಮನೆಯ ಹಿರಿಯರಲ್ಲಿ ಒಂದೇ ವಿನಂತಿ: ಮಗಳು ತಾಲೀಮಿಗೆ ಹೊರಟಾಗ ‘ಎಷ್ಟು ಹೊತ್ತಿಗೆ ಬರ್ತೀಯ’ ಎಂದು ಕೇಳುವ ಮೊದಲು ‘ಊಟ ಮಾಡಿದೆಯಾ’ ಎಂದು ಕೇಳಿ.